ಎಂಜಿನ್ ಆರಿಸಿ, ಕೂತಲ್ಲೇ ಕೂತಿರಿ

ಗಡಿನಾಡು ಕಾಸರಗೋಡಿನ ಕೇಳುಗರಿಗೆ ನಮಸ್ಕಾರ. ಮಕ್ಕಳು ದೂರದ ಊರು ಸೇರಿ, ಮನೆಯಲ್ಲಿ ಇಬ್ಬರೇ ಉಳಿದು, ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು ಹಕ್ಕಿ ನೋಡುತ್ತ ನಾಲ್ಕು ದಿನ ಸುತ್ತೋಣ ಅಂದುಕೊಂಡ ಗಂಡ-ಹೆಂಡತಿಗೆ ಇವತ್ತಿನ ಮಾತು. ಇರುವುದು ಒಂದೇ ಮಾತು: ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೂತಲ್ಲೇ ಹತ್ತು ನಿಮಿಷ ಕೂತಿರಿ. ಇಳಿಯಬೇಡಿ.

ಹಕ್ಕಿ ಬೆದರುವುದು ನಡೆದು ಬರುವ ಮನುಷ್ಯನಿಗೆ, ನಿಂತ ಗಾಡಿಗಲ್ಲ. ಬಾಗಿಲು ದಡ್ಡೆಂದರೆ ಮುಗಿಯಿತು. ಎಂಜಿನ್ ಓಡುತ್ತಿದ್ದರೆ ಗಾಡಿಯ ಮೈ ಅದುರುತ್ತದೆ; 8×42 ದುರ್ಬೀನು ಹಕ್ಕಿಯನ್ನು ಎಂಟು ಪಟ್ಟು ದೊಡ್ಡದು ಮಾಡುವಾಗ ಆ ನಡುಕವನ್ನೂ ಎಂಟು ಪಟ್ಟು ಮಾಡುತ್ತದೆ. ಎಸಿ ಬೇಕೆಂದು ಎಂಜಿನ್ ಬಿಟ್ಟುಕೊಂಡೇ ಕೂರುವವರು ಹಕ್ಕಿಯ ಆಸೆ ಬಿಡುವುದು ಒಳ್ಳೆಯದು. ಗಾಜನ್ನು ನಿಲ್ಲಿಸುವ ಮೊದಲೇ ಇಳಿಸಿ. ಸಣ್ಣ ಬಟ್ಟೆಚೀಲಕ್ಕೆ ಮುಕ್ಕಾಲು ಪಾಲು ಅಕ್ಕಿ ತುಂಬಿ ಬಾಯಿ ಹೊಲಿದು ಕಿಟಕಿಯಂಚಿಗೆ ಇಟ್ಟರೆ, ದುರ್ಬೀನು ಅದರ ಮೇಲೆ ಅಲುಗದೆ ಕೂರುತ್ತದೆ.

ಇನ್ನು ದಾರಿ. ಮಂಜೇಶ್ವರದಿಂದ ಕಾಞಂಗಾಡಿಗೆ ಹೋಗುವಾಗ ಕಡಲು ಬಲಕ್ಕೆ, ಅಂದರೆ ರಸ್ತೆಯಾಚೆ. ಆಗ ನಿಲ್ಲಬೇಡಿ, ಸುಮ್ಮನೆ ಸಾಗಿ. ಮರಳಿ ಬಡಗು ಮುಖವಾಗಿ ಬರುವಾಗ ಕಡಲು ನಿಮ್ಮ ಎಡಕ್ಕೇ ಸಿಗುತ್ತದೆ, ಬೆಳಗಿನ ಬಿಸಿಲು ಬೆನ್ನ ಹಿಂದೆ ಇರುತ್ತದೆ. ಚಂದ್ರಗಿರಿ, ಮೊಗ್ರಾಲ್, ಶಿರಿಯ ಅಳಿವೆಗಳನ್ನು ಆಗ ನೋಡಿ. ಹೆದ್ದಾರಿಯಲ್ಲಲ್ಲ, ಒಳದಾರಿಯಲ್ಲಿ ನಿಲ್ಲಿಸಿ. ಭರತ ಏರುತ್ತಿರುವಾಗ ನೀರೇ ಉಲ್ಲಂಕಿಗಳನ್ನು, ಅಂದರೆ ಕೆಸರಿನಲ್ಲಿ ಮೇಯುವ ದಡದ ಹಕ್ಕಿಗಳನ್ನು, ದಡದತ್ತ ತಳ್ಳಿಕೊಂಡು ಬರುತ್ತದೆ. ಇಳಿತದಲ್ಲಿ ಅವು ದೂರದ ಕೆಸರಿನಲ್ಲಿ ಚುಕ್ಕೆಗಳು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನೆನಪಿರಲಿ. ಹಕ್ಕಿಗಳಿಗೆ ಹೆಸರಾದ, ಕುಂಬಳೆ ಬಳಿಯ ಕಿದೂರಿಗೂ ಹೋಗಿ, ಆದರೆ ಎತ್ತರದ ಗಾಡಿಯನ್ನು ಓಣಿಗೆ ನುಗ್ಗಿಸಬೇಡಿ. ಹಲಸಿನ ಕೊಂಬೆ ತಾಗಿ ಛಾವಣಿಯ ಸೋಲಾರ್ ಹಲಗೆ ಕಿತ್ತುಬರುತ್ತದೆ.

ಈಗ ಮಂಗಟ್ಟೆಯ, ಅಂದರೆ ಹಾರ್ನ್‌ಬಿಲ್ ಹಕ್ಕಿಯ ವಿಷಯ. ಇದನ್ನು ಹೇಳದೆ ಬಿಡಲಾರೆ. ಜಿಲ್ಲೆಯ ಮೂಡಣ ಬೆಟ್ಟಸೀಮೆ ರಾಣಿಪುರದ ಕಾಡಂಚಿನಲ್ಲಿ ಮಲಬಾರ್ ಬೂದು ಮಂಗಟ್ಟೆ ಇದೆ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ. ಮಕರ ಮಾಸ ಬಂತೆಂದರೆ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಕೂರುತ್ತದೆ. ತನ್ನ ಹಿಕ್ಕೆಯನ್ನೇ ಕೊಕ್ಕಿನಿಂದ ಬಡಿದು ಬಡಿದು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಮೊಟ್ಟೆ, ಕಾವು, ಮರಿ ಎಲ್ಲ ಒಳಗೇ. ಅಷ್ಟು ದಿನವೂ ಹೊರಗಿನ ಊಟಕ್ಕೆ ಗಂಡೇ ಗತಿ. ಗೋಳಿ ಹಣ್ಣು, ಅತ್ತಿ ಹಣ್ಣು ಗಂಟಲಲ್ಲಿ ತುಂಬಿಕೊಂಡು ಬಂದು, ತೊಗಟೆಗೆ ಅಂಟಿ ನಿಂತು, ಒಂದೊಂದನ್ನೇ ಮೇಲಕ್ಕೆ ತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಸೀಳಿನೊಳಗೆ ಕೊಡುತ್ತದೆ. ಅದೇ ಹೊತ್ತಿಗೆ ನೀವು ಗಾಡಿಯಿಂದಿಳಿದು, ಮರದ ಬುಡಕ್ಕೆ ಹೋಗಿ, ಮೊಬೈಲು ಎತ್ತಿ ನಿಂತಿರೆನ್ನಿ. ಗಂಡು ಹತ್ತಿರ ಸುಳಿಯುವುದಿಲ್ಲ. ಗಂಟಲ ತುಂಬ ಹಣ್ಣಿಟ್ಟುಕೊಂಡು ಆಚೆ ಮರದಲ್ಲಿ ಕಾಯುತ್ತದೆ. ನೀವು ಅರ್ಧ ಗಂಟೆ ನಿಂತರೆ ಒಳಗಿನ ತಾಯಿ-ಮರಿ ಅರ್ಧ ಗಂಟೆ ಉಪವಾಸ. ಅದಕ್ಕೇ ಮತ್ತೆ ಹೇಳುತ್ತೇನೆ: ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಕೂತಲ್ಲೇ ಕೂತಿರಿ. ಬಿಳಿಹೊಟ್ಟೆಯ ಕಡಲ ಹದ್ದಿಗೂ ಇದೇ ನಿಯಮ. 2023ರಲ್ಲಿ ಅದನ್ನು ಕಾಸರಗೋಡಿನ ಜಿಲ್ಲಾ ಪಕ್ಷಿ ಎಂದು ಸಾರಿದ್ದಾರೆ. ವರ್ಷ ವರ್ಷ ಅದೇ ಗೂಡಿಗೆ ಮರಳುವ ಹಕ್ಕಿ ಅದು.

ಹೊತ್ತು ಮುಗಿಯುತ್ತ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಎಂಜಿನ್ ಆರಿಸಿದ ಮೇಲೆ ಫ್ರಿಜ್ಜು, ದೀಪ ಎಲ್ಲ ಬ್ಯಾಟರಿಯನ್ನು ಹೀರುತ್ತವೆ. ಒಂದೇ ಬ್ಯಾಟರಿ ಇದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದು. ಒಳಬಳಕೆಗೆ ಬೇರೆ ಬ್ಯಾಟರಿ ಇದೆಯೇ ಎಂದು ಕೇಳಿಯೇ ಬಾಡಿಗೆಗೆ ಒಪ್ಪಿ. ಗಾಡಿಯ ಟ್ಯಾಂಕಿನ 100 ಲೀಟರ್ ನೀರೆಂದರೆ 100 ಕಿಲೋ ಭಾರ, ಬೆಟ್ಟದ ದಾರಿಯಲ್ಲಿ ಅದು ನೆನಪಿರಲಿ. ಪನತ್ತಡಿಯಿಂದ ರಾಣಿಪುರಕ್ಕೆ ಏರುವಾಗ ಯಾವ ಗೇರೋ, ಇಳಿಯುವಾಗಲೂ ಅದೇ ಗೇರು. ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ಅದಕ್ಕೆ ಮಾತ್ರ ಒಬ್ಬರು ಇಳಿಯಬಹುದು. ನಮಸ್ಕಾರ.