ಫೌಜಿನಿಂದ ಬಂದ ಪೊಲೀಸ್ ಚೀಫ್

ಧಾರವಾಡದ ಸಪ್ತಾಪುರದಾಗ ಪಿಎಸ್‌ಐ ಎಕ್ಸಾಮಿಗೆ ಓದೋ ಹುಡುಗೂರು ಭಾಳ ಮಂದಿ ಬಂದೀರಿ, ಮಿಲಿಟ್ರಿಯಿಂದ ರಿಟೈರ್ ಆದೋರೂ ಅದೀರಿ, ಅದಕ್ಕ ಇವತ್ತ ನಾ ಅಗಸ್ಟ್ ವೋಲ್ಮರ್ ಅನ್ನೋ ಅಮೆರಿಕದ ಪೊಲೀಸ್ ಚೀಫ್ ಬಗ್ಗೆ ಮಾತಾಡ್ತೀನಿ.

1876ರಾಗ ಹುಟ್ಟಿದ್ರು, ಕಾಲೇಜ್ ಮೆಟ್ಟಲ ಹತ್ತಲಿಲ್ಲ. 1898ರಾಗ ಸ್ಪೇನ್ ಜೋಡಿ ಯುದ್ಧ ಶುರು ಆತು, ಆರ್ಮಿ ಸೇರಿ ಫಿಲಿಪೈನ್ಸಿಗೆ ಹೋದ್ರು. ವಾಪಸ್ ಬಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ಅನ್ನೋ ಸಣ್ಣ ಊರಾಗ ಪೋಸ್ಟ್‌ಮನ್ ಆದ್ರು. ಇದನ್ನ ಯಾರೂ ದೊಡ್ಡದು ಮಾಡಿ ಹೇಳಂಗಿಲ್ಲ, ಆದ್ರ ನನಗ ಇದ ಮುಖ್ಯ ಅನಸ್ತೈತಿ, ಟಪಾಲ್ ಹಂಚಾಂವಗ ಓಣಿ ಓಣಿ ಗೊತ್ತಿರ್ತೈತಿ, ಯಾರ ಮನ್ಯಾಗ ಏನ್ ತ್ರಾಸ ಐತಿ ಅನ್ನೋದೂ ಗೊತ್ತಾಗ್ತೈತಿ. 1905ರಾಗ ಮಂದಿ ಓಟ್ ಹಾಕಿ ಟೌನ್ ಮಾರ್ಷಲ್, ಅಂದ್ರ ಊರಿನ ಕಾನೂನು ಕಾಯೋ ಅಧಿಕಾರಿ, ಮಾಡಿದ್ರು, 1909ರಾಗ ಆ ಊರಿನ ಮೊದಲ್ನೇ ಪೊಲೀಸ್ ಚೀಫ್. ನಮ್ಮ ಹುಬ್ಬಳ್ಳಿ-ಧಾರವಾಡ ಕಮಿಷನರ್ ಅಂದ್ರ ರಾಜ್ಯ ಸರ್ಕಾರ ಕಳಸೋ ಐಪಿಎಸ್ ಆಫೀಸರ್, ಅಲ್ಲಿ ಹಂಗಲ್ಲ, ಊರಿಗೊಂದು ಸ್ವಂತ ಪೊಲೀಸ್ ಇಲಾಖೆ.

ಪೊಲೀಸರಿಗೆ ಸೈಕಲ್ ಕೊಡಿಸಿದ್ರು, ಮುಂದ ಕಾರು. ಚೌಕಗೋಳದಾಗ ಕೆಂಪು ದೀಪ ತೂಗು ಹಾಕಿದ್ರು, ಅದು ಹತ್ತಿತು ಅಂದ್ರ ಬೀಟ್ ಪೊಲೀಸ ಓಡಿ ಹೋಗಿ ಸ್ಟೇಷನ್ನಿಗೆ ಫೋನ್ ಹಚ್ಚಬೇಕು. 1908ರಾಗ ಪೊಲೀಸ್ ಸ್ಕೂಲ್ ತಗದ್ರು, ತಾವು ಕಾಲೇಜ್ ಕಲೀದಿದ್ರೂ ಕಾಲೇಜ್ ಹುಡುಗೂರ್ನ ಹುಡುಕಿ ಹುಡುಕಿ ಪೊಲೀಸ್ ಕೆಲಸಕ್ಕ ತಗೊಂಡ್ರು.

ಆದ್ರ ನನಗ ಅವರ ಮ್ಯಾಲ ಗೌರವ ಬಂದಿದ್ದು ಥರ್ಡ್ ಡಿಗ್ರಿ ವಿಷಯಕ್ಕ. ಹೊಡದು ಬಡದು ತಪ್ಪು ಒಪ್ಪಸೋದು ಬ್ಯಾಡ, ಸಾಕ್ಷಿ ಹುಡುಕ್ರಿ, ಲ್ಯಾಬಿಗೆ ಕಳಸ್ರಿ ಅಂತ ಗಟ್ಟಿ ಹಿಡದು ಕುಂತ್ರು. ನಮ್ಮಲ್ಲಿ 1872ರ ಎವಿಡೆನ್ಸ್ ಆಕ್ಟಿನ 25ನೇ ಸೆಕ್ಷನ್, ಈಗಿನ ಸಾಕ್ಷ್ಯ ಅಧಿನಿಯಮದ 23, ಪೊಲೀಸ್ ಮುಂದ ಒಪ್ಪಿದ್ದು ಆರೋಪಿ ವಿರುದ್ಧ ನಡಿಯಂಗಿಲ್ಲ ಅಂತೈತಿ, ನೀವೆಲ್ಲಾ ಬಾಯಿಪಾಠ ಮಾಡೀರಿ, ನಾಳೆ ಸ್ಟೇಷನ್ನಿನಾಗ ಕುಂತಾಗ ಅದು ಯಾಕ ಐತಿ ಅಂತ ದಯಮಾಡಿ ನೆನಪ ಇಟ್ಕೋರಿ.

ಇನ್ನೊಂದು ಮುಖಾನೂ ಹೇಳಬೇಕು. ಪೊಲೀಸ್ ಕೆಲಸ ಅಂದ್ರ ಸಮಾಜದ ಶತ್ರುಗಳ ಮ್ಯಾಲ ಯುದ್ಧ ಅಂತ ಅವರು ತಿಳದಿದ್ರು, ಫಿಲಿಪೈನ್ಸಿನಾಗ ಕಲತ ಮಿಲಿಟ್ರಿ ತಂತ್ರ ಊರಿಗೆ ತಂದ್ರು. ಸ್ಪೇನ್ ಸೋತ ಮ್ಯಾಲ ಅಲ್ಲಿ ಅಮೆರಿಕ ನಡಸಿದ್ದು ಸ್ವಾತಂತ್ರ್ಯ ಕೇಳೋ ಮಂದಿ ವಿರುದ್ಧದ ಯುದ್ಧ, ಬ್ರಿಟಿಷರ ಕೈಯಾಗ ಸಿಕ್ಕು ನೊಂದ ನಾಡಿನವರು ನಾವು, ನಮಗ ಇದು ಚುಚ್ಚಬೇಕು. ಸ್ವಂತ ಊರಿನ ಮಂದಿ ಶತ್ರು ಅಲ್ಲ. ಫೌಜಿನ ಶಿಸ್ತು ತರ್ರಿ, ಆ ಭಾವನೆ ಮಾತ್ರ ಬ್ಯಾರಕ್ಕಿನಾಗ ಬಿಟ್ಟು ಬರ್ರಿ.

ವೋಲ್ಮರ್ ಅವರೂ ಒಂದ ಕಡೆ ನಿಂತವರಲ್ಲ, ಮುಂದ ಡ್ರಗ್ಸ್ ಚಟ ಪೊಲೀಸರ ಕೆಲಸ ಅಲ್ಲ, ಡಾಕ್ಟರ್ ಕೆಲಸ ಅಂತ ಬರದ್ರು. 1919ರಾಗ, ಬಿಳಿ-ಕರಿ ಭೇದ ಭಾಳ ಇದ್ದ ಕಾಲಕ್ಕ, ವಾಲ್ಟರ್ ಗಾರ್ಡನ್ ಅನ್ನೋ ಕಪ್ಪು ವರ್ಣದ ಯುವಕನ್ನ ಬರ್ಕ್ಲಿ ಪೊಲೀಸಿಗೆ ಸೇರಿಸ್ಕೊಂಡ್ರು. ಗಾರ್ಡನ್ ಡ್ಯೂಟಿ ಮಾಡ್ಕೋತ ಲಾ ಓದಿ ವಕೀಲ ಆದ್ರು, 1955ರಾಗ ಅಮೆರಿಕದ ವರ್ಜಿನ್ ಐಲ್ಯಾಂಡ್ಸಿಗೆ ಗವರ್ನರ್ ಆಗಿ ಹೋದ್ರು. ಅದ ವರ್ಷ ನವೆಂಬರಿನಾಗ ವೋಲ್ಮರ್ ತೀರ್ಕೊಂಡ್ರು.