ಈ ವರ್ಷ ನೀವು ಏನು ಓದಿದಿರಿ?

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಓದುವ ಗೆಳೆಯರ ನಡುವೆ ಒಂದೇ ಮಾತು. ಈ ವರ್ಷ ಏನೇನು ಓದಿದೆ? ಯಾವುದು ಜಾಸ್ತಿ ಹಿಡಿಸಿತು? ಯಾವುದನ್ನು ಅರ್ಧಕ್ಕೆ ಬಿಟ್ಟೆ? ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ಊರಿಗೆ ಹೋಗುವ ಬಸ್ಸಿನಲ್ಲಿ, ಮದುವೆಮನೆಯ ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತವರ ನಡುವೆ, ಎಲ್ಲಿ ಇಬ್ಬರು ಓದುವವರು ಸೇರುತ್ತಾರೋ ಅಲ್ಲಿ ಈ ಮಾತು ಬಂದೇ ಬರುತ್ತದೆ. ನನಗಂತೂ ಈ ಮಾತುಕತೆ ಅಂದರೆ ಪ್ರಾಣ.

ಆದರೆ ಒಂದು ತಕರಾರಿದೆ. ವರ್ಷದ ಪುಸ್ತಕ ಅಂದ ಕೂಡಲೇ ನಾವು ಆ ವರ್ಷ ಅಚ್ಚಾದ ಪುಸ್ತಕಗಳನ್ನಷ್ಟೇ ನೆನಪಿಸಿಕೊಳ್ಳುತ್ತೇವೆ. ಅದು ಅಂಗಡಿಯ ಲೆಕ್ಕ. ಓದುವವರಿಗೆ ಅದರ ಹಂಗು ಯಾಕೆ? 1970ರಲ್ಲಿ ಬಂದ ಕಾದಂಬರಿಯೊಂದನ್ನು ನೀವು ಮೊನ್ನೆ ನವೆಂಬರಿನಲ್ಲಿ ಓದಿ, ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲು ಆಗದೆ ಕೂತಿದ್ದರೆ, ನಿಮ್ಮ ಪಾಲಿಗೆ ಅದೇ 2025ರ ಪುಸ್ತಕ. ಅದನ್ನು ಪಟ್ಟಿಯಿಂದ ಬಿಡಬೇಡಿ ಎಂದು ಹೇಳುವುದಕ್ಕೇ ನಾನು ಇವತ್ತು ನಿಮ್ಮ ಮುಂದೆ ಬಂದಿರುವುದು.

ಈ ವರ್ಷದ ದೊಡ್ಡ ಸುದ್ದಿಯನ್ನೇ ತೆಗೆದುಕೊಳ್ಳಿ. ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನ ಆ ಪುಸ್ತಕವನ್ನು ಅನುವಾದ ಮಾಡಿದವರು ಕೊಡಗಿನ ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಇದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಇದೇ ಮೊದಲು. ಅದರಲ್ಲಿರುವುದು 12 ಕಥೆ. ಆ ಕಥೆಗಳು ಬರೆದು ಮುಗಿದದ್ದು ಯಾವಾಗ? 1990ರಿಂದ 2023ರ ತನಕ, ಮೂವತ್ತು ವರ್ಷಕ್ಕೂ ಮಿಕ್ಕಿ. ಹಾಸನದಲ್ಲಿ ವಕೀಲಿಕೆ ಮಾಡುತ್ತಾ, ಬಂಡಾಯ ಸಾಹಿತ್ಯ ಚಳವಳಿಯ ದಿನಗಳಿಂದಲೂ ಬರೆಯುತ್ತಾ ಬಂದವರು ಅವರು. ಅಂದರೆ ಎಷ್ಟೋ ಕಥೆಗಳು ನಮ್ಮ ಮಧ್ಯೆಯೇ, ನಮ್ಮ ಭಾಷೆಯಲ್ಲೇ, ನಮ್ಮ ಗ್ರಂಥಾಲಯಗಳಲ್ಲೇ ಇದ್ದವು. ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ ಅವರು ‘ಹಸೀನಾ’ ಎಂಬ ಸಿನಿಮಾ ಮಾಡಿದ್ದು 2004ರಲ್ಲಿ.

ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕಥೆಯನ್ನು ಓದಿದವರು ಮೆಹರುನ್‌ಳನ್ನು ಮರೆಯುವುದಿಲ್ಲ. ಗಂಡ ಬೇರೆಯವಳ ಹಿಂದೆ ಹೋಗಿದ್ದಾನೆ. ತವರಿಗೆ ಬಂದರೆ ಅಲ್ಲಿಯೂ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಮರ್ಯಾದೆಯ ಮಾತಾಡಿ ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಕೊನೆಗೆ ಅವಳನ್ನು ಹಿಡಿದು ನಿಲ್ಲಿಸುವುದು ಮಗಳು ಸಲ್ಮಾ. ಇದರಲ್ಲಿ ದೂರದ ಊರಿನದು ಅನ್ನುವಂಥದ್ದು ಏನಿದೆ? ಈ ಕಥೆಯನ್ನು ಬೇರೆ ಬೇರೆ ಮನೆತನದ, ಬೇರೆ ಬೇರೆ ಧರ್ಮದ ಹೆಂಗಸರು ಓದಿ ‘ಇದು ನಮ್ಮ ಅಕ್ಕನ ಕಥೆ’ ಅನ್ನಬಹುದು. ಪ್ರಶಸ್ತಿ ಬಂದ ಮೇಲೆ ಓದಿದವರು ತಡವಾಯಿತು ಎಂದು ಸಂಕೋಚ ಪಡುವುದೇನೂ ಬೇಡ. ಓದಿದಿರಲ್ಲ, ಅಷ್ಟು ಸಾಕು. ಒಂದೇ ಕೋರಿಕೆ, ಇಂಗ್ಲಿಷಿನಲ್ಲಿ ಓದಿದ್ದರೆ ಕನ್ನಡದಲ್ಲೂ ಒಮ್ಮೆ ಓದಿ.

ಈ ವರ್ಷ ಇನ್ನೊಂದು ಆಯಿತು. ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟನೆ ಮಾಡಿದರು. ಅದಾಗಿ ಎರಡೇ ದಿನಕ್ಕೆ, 24ರಂದು, ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ಅವರಿಗೆ 94 ವರ್ಷವಾಗಿತ್ತು. ಅವತ್ತು ಸಂಜೆಯಿಂದ ಶುರುವಾಯಿತು ನೋಡಿ, ಓದುಗರ ಮಾತು. ಯಾರನ್ನು ಕೇಳಿದರೂ ಒಂದು ಪುಸ್ತಕದ ಹೆಸರು ಬರುತ್ತಿತ್ತು. ಒಬ್ಬರಿಗೆ ‘ಪರ್ವ’, ಇನ್ನೊಬ್ಬರಿಗೆ ‘ವಂಶವೃಕ್ಷ’, ಸಂಗೀತ ಬಲ್ಲವರಿಗೆ ‘ಮಂದ್ರ’. ಅವರ ವಿಚಾರಗಳನ್ನು ಒಪ್ಪದವರು ಕೂಡ, ಜಗಳ ಆಡಿದವರು ಕೂಡ, ‘ಗೃಹಭಂಗ’ದ ಹೆಸರು ಬಂದಾಗ ಮೆತ್ತಗಾಗುತ್ತಿದ್ದರು. 

ನಾನೂ ‘ಗೃಹಭಂಗ’ವನ್ನೇ ಮತ್ತೆ ತೆಗೆದೆ. ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯುವುದು, ಮುತ್ತುಗದ ಎಲೆ ಹಚ್ಚಿ ಮನೆ ನಡೆಸುವುದು, ಅತ್ತೆ ಗಂಗಮ್ಮನ ಬಾಯಿ, ಕೈಲಾಗದ ಗಂಡ ಚೆನ್ನಿಗರಾಯ, ಕೊನೆಗೆ ಪ್ಲೇಗು. ಕಥೆ ಗೊತ್ತಿದ್ದೂ ಪ್ಲೇಗಿನ ಭಾಗ ಬಂದಾಗ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಬೇಕಾಯಿತು. ಭೈರಪ್ಪನವರ ತಾಯಿಯೂ ಪ್ಲೇಗಿನಿಂದ ತೀರಿಕೊಂಡವರು. ಅದು ಗೊತ್ತಿದ್ದರೆ ಓದುವುದು ಇನ್ನೂ ಕಷ್ಟ. 1970ರ ಕಾದಂಬರಿ ಅದು. ನನ್ನ ಈ ವರ್ಷದ ಪಟ್ಟಿಯಲ್ಲಿ ಮೊದಲ ಹೆಸರು ಅದರದೇ.

ಭೈರಪ್ಪನವರ ಓದುಗರು ಕರ್ನಾಟಕದೊಳಗೆ ಮಾತ್ರ ಇಲ್ಲ. ಮಹಾರಾಷ್ಟ್ರದಲ್ಲಿ ಅವರನ್ನು ತಮ್ಮವರೇ ಎಂದು ತಿಳಿದವರು ಎಷ್ಟೊಂದು ಜನ! ಅದಕ್ಕೆ ಕಾರಣ ಪುಣೆಯ ಅನುವಾದಕಿ ಉಮಾ ಕುಲಕರ್ಣಿ. ಅವರು ಕೆಲಸ ಮಾಡಿದ ರೀತಿ ಕೇಳಿದರೆ ಓದುವ ಯಾರಿಗಾದರೂ ಖುಷಿಯಾಗುತ್ತದೆ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿ ಮುದ್ರಿಸಿಡುತ್ತಿದ್ದರು, ಉಮಾ ಅವರು ಅದನ್ನು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುತ್ತಿದ್ದರು. ಒಬ್ಬರು ಓದಿ ಹೇಳುವುದು, ಇನ್ನೊಬ್ಬರು ಕೇಳಿ ಬರೆಯುವುದು. ಹೀಗೆ ಒಂದು ಮನೆಯಿಂದ ಹೊರಟ ಪುಸ್ತಕಗಳು ಇನ್ನೊಂದು ಭಾಷೆಯ ಮನೆಮನೆಗೂ ಹೋದವು. ಪುಸ್ತಕದ ಮೇಲಿನ ಅಭಿಮಾನ ಅಂದರೆ ನನಗೆ ಮೊದಲು ನೆನಪಾಗುವುದು ಈ ದಂಪತಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಓದುಗರು ಬೇಗ ಎರಡು ಪಂಗಡ ಆಗುತ್ತಾರೆ. ಇವರನ್ನು ಓದುವವರು ಅವರನ್ನು ಮುಟ್ಟುವುದಿಲ್ಲ. ನಂಜಮ್ಮನಿಗಾಗಿ ಅತ್ತವರು ಮೆಹರುನ್‌ಳ ಕಥೆ ಯಾಕೆ ಓದಬಾರದು? ಮೆಹರುನ್ ಇಷ್ಟವಾದವರು ನಂಜಮ್ಮನನ್ನು ಯಾಕೆ ದೂರ ಇಡಬೇಕು? ಇಬ್ಬರದೂ ಹಾಸನ ಜಿಲ್ಲೆಯ ಸುತ್ತಮುತ್ತಲ ಮಾತು, ಇಬ್ಬರೂ ಸಂಸಾರದ ಭಾರ ಹೊತ್ತವರು. ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ನೋಡಿ, ನನ್ನ ಮಾತು ನಿಮಗೆ ತಿಳಿಯುತ್ತದೆ.

ಈಗ ತೇಜಸ್ವಿಯವರ ಓದುಗರ ವಿಷಯಕ್ಕೆ ಬರುತ್ತೇನೆ. ಇವರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು.

ಪೂರ್ಣಚಂದ್ರ ತೇಜಸ್ವಿಯವರು ಹೋಗಿದ್ದು 2007ರ ಏಪ್ರಿಲ್ 5ಕ್ಕೆ. ಆಗ ಹುಟ್ಟಿಯೇ ಇರದಿದ್ದ ಮಕ್ಕಳು ಇವತ್ತು ‘ಕರ್ವಾಲೋ’ ಓದಿ ಮಂದಣ್ಣನ ಬಗ್ಗೆ ಪಕ್ಕದ ಮನೆಯವನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. ಎಂಗ್ಟ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಈ ಹೆಸರುಗಳಲ್ಲಿ ಒಂದನ್ನು ಹೇಳಿ ಸಾಕು, ಎದುರಿಗಿದ್ದವರು ತೇಜಸ್ವಿ ಓದಿದವರಾದರೆ ಮುಖ ಅರಳುತ್ತದೆ. ಮುಂದಿನ ಅರ್ಧ ಗಂಟೆ ಇಬ್ಬರಿಗೂ ಬೇರೆ ಕೆಲಸವಿಲ್ಲ. ‘ಕರ್ವಾಲೋ’ದ ಹಾರುವ ಓತಿ ಕೊನೆಗೆ ಏನಾಯಿತು ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ, ಓದದೆ ಇರುವವರು ಯಾರಾದರೂ ಕೇಳುತ್ತಿರಬಹುದು. ಅವರಿಗೆ ಸಿಗಬೇಕಾದ ಸಂತೋಷವನ್ನು ಕಿತ್ತುಕೊಳ್ಳುವುದು ಸರಿಯಲ್ಲ.

ಈ ಓದುಗರು ಓದಿ ಸುಮ್ಮನೆ ಕೂರುವುದಿಲ್ಲ, ಅದೇ ಇವರ ವಿಶೇಷ. ಮೂಡಿಗೆರೆಯ ಕಡೆ ಹೊರಡುತ್ತಾರೆ. ಕೊಟ್ಟಿಗೆಹಾರದಲ್ಲಿರುವ ತೇಜಸ್ವಿ ಪ್ರತಿಷ್ಠಾನಕ್ಕೆ ಹೋಗುತ್ತಾರೆ, ಚಾರ್ಮಾಡಿ ಘಾಟಿಯ ಮಂಜಿನಲ್ಲಿ ನಿಂತು ಪುಸ್ತಕದ ಸಾಲು ನೆನಪು ಮಾಡಿಕೊಳ್ಳುತ್ತಾರೆ. ಹಕ್ಕಿ ನೋಡುವ ಹವ್ಯಾಸ ಹತ್ತಿದ್ದು ‘ಪರಿಸರದ ಕಥೆ’ ಓದಿದ ಮೇಲೆ ಅನ್ನುವವರು ನನಗೇ ಎಷ್ಟೋ ಜನ ಸಿಕ್ಕಿದ್ದಾರೆ. ಕೆನೆತ್ ಆ್ಯಂಡರ್ಸನ್ನನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದರಲ್ಲ, ಆ ಕಾಡಿನ ಕಥೆಗಳನ್ನು ರಾತ್ರಿ ಓದಿ ಹಿತ್ತಲಿಗೆ ಹೋಗಲು ಹೆದರಿದವರಂತೂ ಲೆಕ್ಕವಿಲ್ಲ. ಪತ್ನಿ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಬರೆದಾಗ ಓದುಗರು ಅದನ್ನು ಸ್ವಂತ ಮನೆಯ ಕಥೆಯಂತೆ ಓದಿದರು.

ಈ ಓದುಗರು ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದ್ದು 2023ರಲ್ಲಿ. ‘ಅಬಚೂರಿನ ಪೋಸ್ಟಾಫೀಸು’ 1973ರ ಸಂಕಲನ. ಅದರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಎಂಬ ಕಥೆಯಿದೆ, ಅಬಚೂರಿನ ಕಾಲೇಜಿಗೆ ಹೊಸದಾಗಿ ಸೇರುವ ಮುಸ್ತಫಾ ಎಂಬ ಹುಡುಗನ ಕಥೆ. ಶಶಾಂಕ್ ಸೋಗಾಲ್ ಅದನ್ನು ಸಿನಿಮಾ ಮಾಡಲು ಹೊರಟಾಗ ದುಡ್ಡು ಹಾಕಿದವರು ಯಾರು ಗೊತ್ತಾ? ತೇಜಸ್ವಿಯವರ ಓದುಗರು! ನೂರರಷ್ಟು ಜನ ಅಭಿಮಾನಿಗಳು ತಮ್ಮ ತಮ್ಮ ಕೈಲಾದಷ್ಟು ಕೊಟ್ಟು ನಿರ್ಮಾಪಕರಾದರು. ನಟ ಧನಂಜಯ ಅವರು ಅದನ್ನು ಅರ್ಪಿಸಿದರು, ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಒಬ್ಬ ಲೇಖಕರ ಒಂದು ಸಣ್ಣಕಥೆ, ಐವತ್ತು ವರ್ಷ ಹಳೆಯದು, ಅದು ಪರದೆಯ ಮೇಲೆ ಬರಬೇಕು ಎಂದು ಓದಿದವರೇ ಗಂಟು ಬಿಚ್ಚಿದರು. ಅದೇ ಸಂಕಲನದ ‘ತಬರನ ಕಥೆ’, ‘ಕುಬಿ ಮತ್ತು ಇಯಾಲ’ ಮತ್ತು ಪುಸ್ತಕದ ಹೆಸರಿನ ಕಥೆ ಹಿಂದೆಯೇ ಸಿನಿಮಾ ಆಗಿದ್ದವು. ಒಂದು ತೆಳ್ಳನೆಯ ಪುಸ್ತಕದಿಂದ ಇಷ್ಟೆಲ್ಲ. ಮುಸ್ತಫಾನನ್ನು ನೋಡಲು ಥಿಯೇಟರಿಗೆ ಹೋದ ಹುಡುಗರು ಎಷ್ಟೋ ಜನ ವಾಪಸ್ ಬರುವಾಗ ಪುಸ್ತಕದಂಗಡಿ ಹುಡುಕಿದರು. ಅವರ ಪಾಲಿಗೆ ಆ ವರ್ಷದ ಪುಸ್ತಕ 1973ರದ್ದು.

ಹೀಗೆ ಪುಸ್ತಕದ ಹುಚ್ಚು ಹಿಡಿಯುವುದು ನಮಗೆ ಹೊಸದಲ್ಲ. ‘ಸುಧಾ’ ವಾರಪತ್ರಿಕೆ ಶುರುವಾಗಿದ್ದು 1965ರಲ್ಲಿ. ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾದವರನ್ನು ನೀವು ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಪತ್ರಿಕೆ ಬಂದ ದಿನ ಮೊದಲು ಯಾರು ಓದಬೇಕು ಎಂದು ಅಕ್ಕತಂಗಿಯರು ಜಗಳವಾಡುತ್ತಿದ್ದ ಕಾಲ. ಬೀದಿಗೊಂದು ಬಾಡಿಗೆ ಪುಸ್ತಕದ ಲೈಬ್ರರಿ ಇರುತ್ತಿತ್ತು. ಅಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳ ರಟ್ಟು ಕಿತ್ತು ಹೋಗಿ, ಮತ್ತೆ ಹೊಲಿದು, ಮತ್ತೆ ಕಿತ್ತು ಹೋಗಿರುತ್ತಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ಹುಡುಗರು ಸಾಲು ನಿಲ್ಲುತ್ತಿದ್ದರು. ಶಾಲೆಯಲ್ಲಿ ನಾಲ್ಕನೇ ಇಯತ್ತೆಗಿಂತ ಹೆಚ್ಚು ಓದದ ಮನುಷ್ಯ ಅವರು, ಬರೆದದ್ದು ನೂರಾರು ಕಾದಂಬರಿ. ಸಾವಿರಾರು ಜನರಿಗೆ ಓದುವ ಚಟ ಹತ್ತಿಸಿದ್ದು ಅವರು. ಇವರನ್ನೆಲ್ಲ ಜನಪ್ರಿಯ ಸಾಹಿತ್ಯ ಎಂದು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. ಪುರುಷೋತ್ತಮನಿಂದ ಶುರು ಮಾಡಿದವರೇ ಮುಂದೆ ಕುವೆಂಪು, ಕಾರಂತರ ಕಡೆಗೆ ನಡೆದದ್ದು. 

ಈಗಿನ ಹುಡುಗ ಹುಡುಗಿಯರಿಗೆ ಇಂಥ ಹುಚ್ಚು ಹಿಡಿಸಿದ ಪುಸ್ತಕ ಯಾವುದು ಅಂದರೆ ನಾನು ವಸುಧೇಂದ್ರರ ‘ತೇಜೋ ತುಂಗಭದ್ರಾ’ ಎನ್ನುತ್ತೇನೆ. 2019ರಲ್ಲಿ ಬಂದದ್ದು. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ವಿಜಯನಗರದ ತುಂಗಭದ್ರೆ. ಗೇಬ್ರಿಯಲ್ ಹಡಗು ಹತ್ತಿ ಬರುವುದು, ಬೆಲ್ಲಾ ಅಲ್ಲಿ ಕಾಯುವುದು, ಇಲ್ಲಿ ಹಂಪಮ್ಮ ಮತ್ತು ಕೇಶವ. ದಪ್ಪ ಪುಸ್ತಕ ಅಂದರೆ ಮೂಗು ಮುರಿಯುವವರೂ ಇದನ್ನು ನಿದ್ದೆಗೆಟ್ಟು ಓದಿದ್ದಾರೆ. ಓದಿ ಹಂಪಿಗೆ ಹೋದರೆ ಆ ಕಲ್ಲುಗಳು ಬೇರೆಯೇ ಕಾಣುತ್ತವೆ, ಇದು ನನ್ನ ಅನುಭವ.

ಹಾಗಾದರೆ ಇಷ್ಟದ ಪುಸ್ತಕವನ್ನು ಇನ್ನೊಬ್ಬರಿಗೆ ಹೇಗೆ ಹೇಳಬೇಕು? ‘ತುಂಬಾ ಚೆನ್ನಾಗಿದೆ, ಓದಿ’ ಅಂದರೆ ಯಾರೂ ಓದುವುದಿಲ್ಲ. ‘ನಂಜಮ್ಮ ಲೆಕ್ಕದ ಪುಸ್ತಕ ಹಿಡಿದು ಕೂರುವ ಭಾಗ ಓದು’ ಅನ್ನಿ. ‘ಮಂದಣ್ಣ ಜೇನು ಹಿಡಿಯುವುದನ್ನು ಓದು’ ಅನ್ನಿ. ಯಾವ ಜಾಗದಲ್ಲಿ ನಕ್ಕಿರಿ, ಎಲ್ಲಿ ಕಣ್ಣೀರು ಬಂತು, ಎಲ್ಲಿ ಲೇಖಕರ ಮೇಲೆ ಸಿಟ್ಟು ಬಂತು ಎಂದು ಹೇಳಿ. ಸಾಧ್ಯವಾದರೆ ಎರಡು ಪುಟ ಗಟ್ಟಿಯಾಗಿ ಓದಿ ಕೇಳಿಸಿ. ಪುಸ್ತಕವನ್ನು ಕೊಟ್ಟೂ ಬಿಡಿ. ಕೊಟ್ಟ ಪುಸ್ತಕ ವಾಪಸ್ ಬರುವುದಿಲ್ಲ ಎಂಬ ಬೇಜಾರು ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಅದು ಇನ್ನೊಬ್ಬರ ಮನೆಯಲ್ಲಿ ಓದಿಸಿಕೊಳ್ಳುತ್ತಿದ್ದರೆ ಇನ್ನೊಂದು ಪ್ರತಿ ಕೊಂಡರಾಯಿತು. ಹಳೆಯ ಪುಸ್ತಕಗಳನ್ನು ಪ್ರಕಾಶಕರು ಮತ್ತೆ ಮತ್ತೆ ಅಚ್ಚು ಹಾಕುವುದು ಕೇಳುವವರು ಇರುವುದರಿಂದ. ಪುಸ್ತಕ ಮೇಳಗಳ ಮಳಿಗೆಯಲ್ಲಿ ನಿಂತು ‘ಇದು ಇದೆಯಾ?’ ಎಂದು ಕೇಳುವ ಪ್ರತಿ ಸಲವೂ ನೀವು ಆ ಪುಸ್ತಕದ ಆಯುಸ್ಸು ಹೆಚ್ಚಿಸುತ್ತೀರಿ.

ನನ್ನ ಪಟ್ಟಿ ಹೇಳಿಬಿಡುತ್ತೇನೆ. ‘ಗೃಹಭಂಗ’ ಮತ್ತೊಮ್ಮೆ. ಬಾನು ಮುಷ್ತಾಕರ ಕಥೆಗಳು. ಮನೆಯ ಮಕ್ಕಳಿಗೆ ರಾತ್ರಿ ಊಟವಾದ ಮೇಲೆ ಓದಿ ಹೇಳುತ್ತಿರುವ ‘ಪರಿಸರದ ಕಥೆ’, ಅದು ಇನ್ನೂ ಮುಗಿದಿಲ್ಲ, ಮಕ್ಕಳು ಇಷ್ಟವಾದ ಕಥೆಯನ್ನೇ ಮತ್ತೆ ಮತ್ತೆ ಓದಿಸುತ್ತಾರೆ. ಜನವರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆಗೆದಿಟ್ಟಿದ್ದೇನೆ, ಈ ಸಲ ನಿಧಾನವಾಗಿ ಓದಬೇಕು.

ನಿಮ್ಮ ಪಟ್ಟಿಯನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿ, ಅವರದ್ದನ್ನೂ ಕೇಳಿ. ನಮಸ್ಕಾರ.