ಸೀಲ್ ನಂಬಬೇಡಿ: ಹಳೆ ಮಿಲಿಟರಿ ಜೀಪು, ಹಳೆ ಡಬ್ಬದ ಎಣ್ಣೆ

ಎಲ್ಲರಿಗೂ ನಮಸ್ಕಾರ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಇನ್ನೂ ಹಳೆ ಮಿಲಿಟರಿ ಗಾಡಿ ಇಟ್ಟುಕೊಂಡಿದ್ದೀರಲ್ಲ, ನಿಮ್ಮ ಜೊತೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪು ಇರಬಹುದು, ಫೋರ್ಡ್ ಕಂಪನಿ ಮಾಡಿದ ಅದರ ಜೋಡಿ ಇರಬಹುದು, ಜಬಲ್ಪುರದಲ್ಲಿ ತಯಾರಾದ ಜೋಂಗಾ ಇರಬಹುದು. 1941ರಿಂದ 1945ರ ಒಳಗೆ ಆರು ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದ್ದರು. ಅದರಲ್ಲಿ ಒಂದು ನಿಮ್ಮ ಕೊಟ್ಟಿಗೆಯಲ್ಲಿ ಇವತ್ತೂ ಸ್ಟಾರ್ಟ್ ಆಗುತ್ತದೆ ಅಂದರೆ ಅದು ನಿಜಕ್ಕೂ ದೊಡ್ಡ ವಿಷಯ.

ನನಗೆ ಪದೇ ಪದೇ ಬರುವ ಪ್ರಶ್ನೆ ಒಂದೇ. "ಸಾರ್, ಮಿಲಿಟರಿಯವರು ಹಳೆ ಸಾಮಾನು ಮಾರುವ ಡಿಸ್ಪೋಸಲ್ ಹರಾಜಿನಲ್ಲಿ ಹಸಿರು ಡಬ್ಬ ಸಿಕ್ಕಿದೆ, ಒಳಗೆ ಮಿಲಿಟರಿ ಆಯಿಲ್, ಸೀಲ್ ಒಡೆದೇ ಇಲ್ಲ, ಜೀಪಿಗೆ ಹಾಕಬಹುದಾ?" ನನ್ನ ಉತ್ತರವೂ ಒಂದೇ. ಸೀಲ್ ನಂಬಬೇಡಿ. ಡಬ್ಬವನ್ನು ಯಾರೂ ತೆರೆದಿಲ್ಲ ಅಂತ ಸೀಲ್ ಹೇಳುತ್ತದೆ, ಅಷ್ಟೇ. ಒಳಗೆ ಇರುವುದು ಯಾವ ಎಣ್ಣೆ, ಈಗ ಅದು ಹೇಗಿದೆ, ನಿಮ್ಮ ಇಂಜಿನ್ನಿಗೆ ಆಗುತ್ತದಾ, ಇದ್ಯಾವುದನ್ನೂ ಹೇಳುವುದಿಲ್ಲ.

ಮೊದಲು ಡಬ್ಬದ ಮೇಲಿನ ಅಕ್ಷರ ಓದಿ. ಅಮೆರಿಕದ ಮಿಲಿಟರಿ ಡಬ್ಬವಾದರೆ ಓಇ ಅಂದರೆ ಇಂಜಿನ್ ಆಯಿಲ್, ಜಿಓ ಅಂದರೆ ಗೇರ್ ಆಯಿಲ್, ಜಿಎಎ ಅಂದರೆ ಗ್ರೀಸ್. ಪಿಇ ಅಂತ ಇದ್ದರೆ ಸ್ವಲ್ಪ ನಿಲ್ಲಿ. ಅದು ಗಾಡಿಯನ್ನು ಗೋದಾಮಿನಲ್ಲಿ ವರ್ಷಗಟ್ಟಲೆ ನಿಲ್ಲಿಸುವಾಗ ಒಳಗೆ ತುಕ್ಕು ಹಿಡಿಯದಿರಲಿ ಅಂತ ಹಾಕುವ ಎಣ್ಣೆ. ನೋಡಲು, ಮುಟ್ಟಲು ಇಂಜಿನ್ ಆಯಿಲ್ ಥರಾನೇ ಇರುತ್ತದೆ. ಹಾಕಿಕೊಂಡು ದಿನಾ ತೋಟ ಸುತ್ತುವುದಕ್ಕೆ ಅಲ್ಲ. ಪೇಟೆಯ ಹಳೆ ಡಬ್ಬದ ಮೇಲೆ ಎಪಿಐ ಎಸ್‌ಎ ಅಂತ (ಎಣ್ಣೆಯ ದರ್ಜೆ ಹೇಳುವ ಅಮೆರಿಕದ ಗುರುತು) ಇದ್ದರೆ ಅದನ್ನೂ ಬಿಟ್ಟುಬಿಡಿ. ಅದರಲ್ಲಿ ಮಸಿ ಹಿಡಿದಿಡುವ ಮದ್ದಿಲ್ಲ, ಸವೆತ ತಡೆಯುವ ಮದ್ದೂ ಇಲ್ಲ. 1930ರ ಈಚೆ ಬಂದ ಹೆಚ್ಚಿನ ಪೆಟ್ರೋಲ್ ಇಂಜಿನ್ನಿಗೆ ಅದು ಆಗುವುದಿಲ್ಲ ಅಂತ ಆ ಗುರುತು ಕೊಟ್ಟವರೇ ಹೇಳಿದ್ದಾರೆ.

ಈಗ ಸಿದ್ದಾಪುರದ ಹತ್ತಿರದ ಒಬ್ಬ ನಿವೃತ್ತ ಸುಬೇದಾರರ ಜೀಪಿನ ಕಥೆ ಹೇಳಲೇಬೇಕು. ವಿಲ್ಲಿಸ್ ಜೀಪು, ತುಂಬಾ ಪ್ರೀತಿಯಿಂದ ನೋಡಿಕೊಂಡಿದ್ದರು. ಒಂದು ದಿನ ಆಯಿಲ್ ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ನೊರೆ. ಮೇಸ್ತ್ರಿ ಬಂದು ನೋಡಿ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಇರುವ ಪಟ್ಟಿ) ಹೋಗಿದೆ, ರೇಡಿಯೇಟರ್ ನೀರು ಆಯಿಲ್ಲಿಗೆ ಸೇರುತ್ತಿದೆ ಅಂದ. ಗ್ಯಾಸ್ಕೆಟ್ ಬದಲಾಯಿಸಿದರು, ಹೊಸ ಆಯಿಲ್ ಹಾಕಿದರು. ಒಂದು ವಾರಕ್ಕೆ ಮತ್ತೆ ನೊರೆ. ಮತ್ತೆ ಹೆಡ್ ಬಿಚ್ಚಿದರು, ಹೆಡ್ಡಿನ ಮುಖ ತಿಕ್ಕಿ ಸಮ ಮಾಡಿಸಿದರು, ಮತ್ತೊಂದು ಗ್ಯಾಸ್ಕೆಟ್. ಮತ್ತೂ ನೊರೆ! ಇನ್ನು ಬ್ಲಾಕೇ ಸೀಳಿರಬೇಕು, ಬೇರೆ ಇಂಜಿನ್ ಹುಡುಕೋಣ ಅನ್ನುವ ಮಾತಿಗೆ ಬಂದಿತ್ತು. ಆಗ ನನ್ನನ್ನು ಕರೆದರು.

ನಾನು ಇಂಜಿನ್ ಮುಟ್ಟಲಿಲ್ಲ. ಆಯಿಲ್ ಎಲ್ಲಿಂದ ತಂದಿರಿ ಅಂತ ಕೇಳಿದೆ. ಸಾಹೇಬರಿಗೆ ಸ್ವಲ್ಪ ಬೇಸರವೇ ಆಯಿತು. "ಫೌಜಿನ ಮಾಲು ಸ್ವಾಮಿ, ಹರಾಜಿನಲ್ಲಿ ತಂದ ಡ್ರಮ್ಮು, ಸೀಲ್ ನಾನೇ ಒಡೆದದ್ದು" ಅಂದರು. ಇನ್ನೊಂದು ಡ್ರಮ್ಮು ಹಾಗೇ ಇದೆ ಅಂತ ಕಣದ ಹಿಂದೆ ಕರೆದುಕೊಂಡು ಹೋದರು. ಹಲಸಿನ ಮರದ ಕೆಳಗೆ, ಬಯಲಲ್ಲಿ, ಡ್ರಮ್ಮು ನೆಟ್ಟಗೆ ನಿಂತಿತ್ತು. ಎರಡು ಮಳೆಗಾಲ ಅಲ್ಲೇ ಕಳೆದಿದೆ. ತಲೆಯ ಮೇಲೆ ಅಂಚಿನೊಳಗೆ ನೀರು ನಿಂತಿತ್ತು, ಆ ನೀರಿನ ಮಧ್ಯೆ ಸೀಲ್ ಹಾಕಿದ ಬಿರಡೆ, ತುಂಬಾ ಚೆನ್ನಾಗಿ ಕೂತಿತ್ತು. ಅದನ್ನು ನೋಡಿದ ತಕ್ಷಣ ನನಗೆ ಅರ್ಧ ಗೊತ್ತಾಯಿತು.

ಮೇಲಿನ ನೀರು ಒರೆಸಿ, ಸೀಲ್ ತೆಗೆಸಿ, ಕೈಪಂಪಿನ ಪೈಪನ್ನು ತಳಕ್ಕೆ ಮುಟ್ಟಿಸಿ ಎಳೆದೆವು. ನೀರು ಎಣ್ಣೆಗಿಂತ ಭಾರ, ಕೆಳಗೇ ಕೂರುತ್ತದೆ. ಮೊದಲು ಬಂದದ್ದು ಬರೀ ನೀರು, ತುಕ್ಕಿನ ಬಣ್ಣದ ನೀರು. ಬಕೆಟ್ಟಿಗೆ ಬೀಳುತ್ತಲೇ ಇತ್ತು. ಆಮೇಲೆ ಬೆಳ್ಳಗಿನ ಎಣ್ಣೆ, ಅದರ ಮೇಲೆ ಒಳ್ಳೆ ಎಣ್ಣೆ. ಸಾಹೇಬರು ಮಾತೇ ಆಡಲಿಲ್ಲ. ಸೀಲ್ ಒಡೆಯದ ಡ್ರಮ್ಮಿನೊಳಗೆ ನೀರು ಹೇಗೆ ಹೋಯಿತು ಅನ್ನುವುದೇ ಅವರ ಚಿಂತೆ.

ಹೋಗುವುದು ಹೀಗೆ. ಹಗಲು ಬಿಸಿಲಿಗೆ ಡ್ರಮ್ಮಿನೊಳಗಿನ ಗಾಳಿ ಹಿಗ್ಗುತ್ತದೆ, ಬಿರಡೆಯ ಸಂದಿಯಿಂದ ಸ್ವಲ್ಪ ಹೊರಗೆ ಹೋಗುತ್ತದೆ. ಸಂಜೆ ಮಳೆ ಬಂದು ಡ್ರಮ್ಮು ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಬಿರಡೆಯ ಸುತ್ತ ನಿಂತ ನೀರನ್ನು ಅದೇ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ದಿನಾ ಒಂದಿಷ್ಟು. ಸೀಲ್ ಅಲುಗುವುದೇ ಇಲ್ಲ! ಅದಕ್ಕೇ ಹೇಳಿದ್ದು, ಸೀಲ್ ನಂಬಬೇಡಿ. ಡ್ರಮ್ಮನ್ನು ಸೂರಿನ ಕೆಳಗೆ ಅಡ್ಡ ಮಲಗಿಸಿ ಇಡಿ. ಎರಡೂ ಬಿರಡೆ ಎಡಕ್ಕೊಂದು ಬಲಕ್ಕೊಂದು ಒಂದೇ ಮಟ್ಟದಲ್ಲಿ, ಎಣ್ಣೆಯ ಒಳಗೆ ಇರಬೇಕು. ಆಗ ನೀರು ಎಳೆಯುವುದಕ್ಕೆ ದಾರಿ ಇರುವುದಿಲ್ಲ.

ಪರೀಕ್ಷೆ ಸುಲಭ. ಹಳೆ ಬಾಣಲೆಯನ್ನು ಹೊರಗಡೆ, ಪೆಟ್ರೋಲಿನಿಂದ ದೂರ ಕಾಯಿಸಿ. ಒಲೆಯಿಂದ ಇಳಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಒಂದೇ ಒಂದು ತೊಟ್ಟು ಎಣ್ಣೆ ಬಿಡಿ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅಂದರೆ ಅದರಲ್ಲಿ ನೀರಿದೆ. ಸುಮ್ನೆ ಹರಡಿಕೊಂಡರೆ ನೀರಿಲ್ಲ. ಸುಬೇದಾರರ ಎಣ್ಣೆ ಚೆನ್ನಾಗಿಯೇ ಸಿಡಿಯಿತು. ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿ ತೊಳೆದು, ಆಯಿಲ್ ಎಳೆಯುವ ತೇಲು ಜರಡಿಯನ್ನೂ ತೊಳೆದು, ಅಂಗಡಿಯ ಹೊಸ ಎಸ್‌ಎಇ 30 ದಪ್ಪದ ಇಂಜಿನ್ ಆಯಿಲ್ ಹಾಕಿದೆವು. ನೊರೆ ನಿಂತಿತು. ಬ್ಲಾಕು ಸೀಳಿರಲಿಲ್ಲ, ಗ್ಯಾಸ್ಕೆಟ್ಟೂ ಹೋಗಿರಲಿಲ್ಲ.

ಈ ಕಥೆಗೇ ಹೆಚ್ಚು ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಳೆ ಗೇರ್ ಆಯಿಲ್ಲಿನಲ್ಲಿ ಗಂಧಕದ ಮದ್ದು ಇರುತ್ತದೆ. ಆಕ್ಸಲ್ ಮಧ್ಯದ ಡಿಫರೆನ್ಶಿಯಲ್ಲಿಗೆ ಅದು ಬೇಕು, ಆದರೆ ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಚೆನ್ನಾಗಿ ಉಜ್ಜಿದ ತಾಮ್ರದ ತಂತಿಯನ್ನು ಆ ಎಣ್ಣೆಯ ಲೋಟದಲ್ಲಿ ಮುಳುಗಿಸಿ, ಲೋಟವನ್ನು ಕುದಿಯುವ ನೀರಿನಲ್ಲಿ ಮೂರು ಗಂಟೆ ಇಡಿ. ತಂತಿ ಕಪ್ಪಾದರೆ ಗೇರ್ ಬಾಕ್ಸಿಗೆ ಬೇಡ. ಗ್ರೀಸ್ ಡಬ್ಬ ತೆಗೆದಾಗ ಮೇಲೆ ಎಣ್ಣೆ ಕೆರೆ ಕಟ್ಟಿ ಕೆಳಗೆ ಗಟ್ಟಿಯಾಗಿದ್ದರೆ ವೀಲ್ ಬೇರಿಂಗಿಗೆ ಹಾಕಬೇಡಿ, ಗೇಟಿನ ಕೀಲಿಗೆ, ಬೀಗಕ್ಕೆ ಹಾಕಿ. ಡಬ್ಬದ ತಳದಲ್ಲಿ ಕಂದು ಗಸಿ ಕೂತು ಬೆಚ್ಚಗೆ ಮಾಡಿ ಕದಡಿದರೂ ಬೆರೆಯದ ಇಂಜಿನ್ ಆಯಿಲ್ಲಿಗೂ ಇದೇ ಮಾತು.

ಬ್ರೇಕ್ ಆಯಿಲ್ ಬಗ್ಗೆ ಮಾತ್ರ ನನ್ನ ಹತ್ತಿರ ಚರ್ಚೆಗೆ ಬರಬೇಡಿ. ಹಳೆಯದು ಬೇಡ, ಬೇಡ, ಬೇಡ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಗಿಂತ ಮೊದಲು ಕುದಿಯಬಾರದು ಅಂತ ನಿಯಮ. ಅದು ಗಾಳಿಯ ತೇವ ಹೀರುತ್ತದೆ. ನೂರಕ್ಕೆ ಮೂರೂವರೆ ಪಾಲು ಚಿಲ್ಲರೆ ನೀರು ಸೇರಿದರೆ ಆ ಮಟ್ಟ 140ಕ್ಕೆ ಇಳಿದಿರುತ್ತದೆ. ಪ್ಲಾಸ್ಟಿಕ್ ಬಾಟಲಿಯಾದರೆ ಸೀಲ್ ಇದ್ದರೂ ಪ್ಲಾಸ್ಟಿಕ್ಕಿನ ಮೂಲಕವೇ ತೇವ ನಿಧಾನಕ್ಕೆ ಒಳಗೆ ಹೋಗುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಡ್ರಮ್ ಬ್ರೇಕು ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೇರ ಕೆಳಗೆ ಹೋಗುತ್ತದೆ. ವಿಲ್ಲಿಸ್ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು, ಇನ್ನೊಂದು ಇಲ್ಲ. ಆಮೇಲೆ ಬರೀ ಹ್ಯಾಂಡ್ ಬ್ರೇಕು.

ಮಿಲಿಟರಿ ಡಬ್ಬದಲ್ಲಿ ನೇರಳೆ ಬಣ್ಣದ ಬ್ರೇಕ್ ಆಯಿಲ್ ಸಿಕ್ಕರೆ ಅದು ಸಿಲಿಕೋನ್. ಮಾಮೂಲಿ ಡಾಟ್ 3, ಡಾಟ್ 4 ಜೊತೆ ಬೆರೆಸಬೇಡಿ. ಈ ಮಳೆಗಾಲಕ್ಕೆ ಮೊದಲು ಅಂಗಡಿಗೆ ಹೋಗಿ, ತಯಾರಿಸಿದ ತಿಂಗಳು ನೋಡಿ ಹೊಸ ಬಾಟಲಿ ತನ್ನಿ, ಹಳೆಯದನ್ನೆಲ್ಲ ನಾಲ್ಕೂ ಚಕ್ರದಿಂದ ಹೊರಗೆ ಹರಿಸಿ ತುಂಬಿಸಿ. ಹಸಿರು ಡಬ್ಬ ನಿಮಗೆ ಇಷ್ಟವಾದರೆ ಖಾಲಿ ಮಾಡಿ, ಒರೆಸಿ, ಜೀಪಿನ ಹಿಂದೆ ಕಟ್ಟಿಕೊಳ್ಳಿ, ನೋಡುವುದಕ್ಕೆ ಚೆನ್ನಾಗಿರುತ್ತದೆ. ನಮಸ್ಕಾರ.